ಏಳನೇ ಮೆಷಿನ್ನಿನ ಈಶಾನ್ಯದ ಕಾಲು

ನಮ್ಮ ಮನೆಯಿಂದ ಆ ಕಾರ್ಖಾನೆಗೆ ನಡೆದರೆ ಹದಿನೈದು ನಿಮಿಷ. ನಾನು ಮಾತ್ರ ದಿನಾ ಬೆಳಿಗ್ಗೆ ಎದ್ದುಬಿದ್ದು ಓಡಿ, ಸರ್ಕಾರಿ ಬಸ್ಸು ಹಿಡಿದು ರಾಮನಗರಕ್ಕೆ ಹೋಗಿ, ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ಕಾದು ನಿಂತು, ಕಂಪನಿ ಬಸ್ಸು ಹತ್ತಿ, ಹೋದ ದಾರಿಯಲ್ಲೇ ವಾಪಸ್ಸು ಬರುತ್ತಿದ್ದೆ. ಬಿಡದಿ ಕಡೆಗೆ ಅರ್ಧ ದಾರಿ ಬಂದರೆ ನಮ್ಮೂರ ಗೇಟು, ಹೈವೇಯಿಂದ ಊರೊಳಗೆ ತಿರುಗುವ ಜಾಗ. ಅಲ್ಲಿ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಅಪ್ಪ ಎಲ್ಲಿ ನನ್ನ ನೋಡಿ ಕೈ ಬೀಸಿಬಿಡುತ್ತಾನೋ ಅಂತ, ತಲೆ ತಗ್ಗಿಸಿ ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ಮಾಡುತ್ತಿದ್ದೆ. ಐದು ತಿಂಗಳು ಹೀಗೇ ನಡೆಸಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ಕೈಗಾರಿಕಾ ಪ್ರದೇಶ ಮಾಡ್ತೀವಿ ಅಂತ ನಮ್ಮೂರ ಸುತ್ತಲ ಜಮೀನು ತಗೊಂಡಾಗ ನಮ್ಮ ಎರಡೂವರೆ ಎಕರೆ ಹಿಪ್ಪುನೇರಳೆ ತೋಟವೂ ಹೋಯಿತು. ಅದರ ಮೇಲೆ ಕಾರಿನ ಗೇರ್‌ಬಾಕ್ಸಿನ ಭಾಗಗಳನ್ನು ಮಾಡುವ ಕಾರ್ಖಾನೆ ಎದ್ದಿತು. ಜಮೀನು ಕೊಟ್ಟ ಮನೆಗೆ ಒಂದು ಕೆಲಸ ಅಂತ ಮಾತಾಗಿತ್ತು. ಅಣ್ಣ ಟೆಂಪೊ ಓಡಿಸ್ತೀನಿ ಅಂದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡಿದ್ದ ನನ್ನ ಹೆಸರು ಕೊಟ್ಟರು. ತಯಾರಾದ ಭಾಗಗಳನ್ನು ಅಳತೆ ಮಾಡಿ ಪಾಸು ಫೇಲು ಹೇಳುವ ಇನ್‌ಸ್ಪೆಕ್ಷನ್ ಕೆಲಸ ಸಿಕ್ಕಿತು. ಆರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ.

ಮೊದಲ ದಿನವೇ ಕ್ಯಾಂಟೀನಿನಲ್ಲಿ ನನ್ನ ಎದುರು ಕೂತವನು ಮೆಷಿನ್ ಲೈನಿನ ಇನ್‌ಸ್ಪೆಕ್ಟರ್, ಬೆಂಗಳೂರಿನವನು. ಮಾತಿಗೆ ಬಿದ್ದ. "ಲ್ಯಾಂಡ್ ಕೋಟಾದಲ್ಲಿ ಹೊಸಬರು ಬಂದಿದಾರಂತೆ. ಒಬ್ಬರಿಗಾದ್ರೂ ವರ್ನಿಯರ್ ಹಿಡಿಯೋಕೆ ಬರುತ್ತಾ ನೋಡ್ಬೇಕು. ಹೊಲ ಕೊಟ್ಟು ಕುರ್ಚಿ ಇಸ್ಕೊಂಡಿದಾರೆ!" ಅಂತ ನಕ್ಕು, ಅದೇ ಉಸಿರಲ್ಲಿ, "ನೀವು ಯಾವೂರು?" ಅಂದ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ರಾಮನಗರ ಟೌನು" ಅಂತು. "ಅಪ್ಪ ಏನ್ಮಾಡ್ತಾರೆ?" "ಬಟ್ಟೆ ಅಂಗಡಿ."

ಬಟ್ಟೆ ಅಂಗಡಿ ಎಲ್ಲಿಂದ ಬಂತೋ ಆ ದೇವರೇ ಬಲ್ಲ! ಕೋಟಾದವರ ಪಟ್ಟಿ ಆಫೀಸಿನ ಫೈಲಿನಲ್ಲಿತ್ತೇ ಹೊರತು ನಮ್ಮ ಜೊತೆ ಕೆಲಸ ಮಾಡುವವರು ಯಾರೂ ನೋಡಿರಲಿಲ್ಲ. ಒಂದು ಸಲ ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಪ್ಯಾಕಿಂಗಿನ ಹುಡುಗಿಯರು ಮದುವೆ ಸೀರೆಗೆ ಡಿಸ್ಕೌಂಟ್ ಕೊಡಿಸಿ ಅಂತ ಬೆನ್ನು ಬಿದ್ದರು. ಅಂಗಡಿ ರಿಪೇರಿ ಆಗ್ತಿದೆ ಅಂದೆ. ಬಾಯಿಗೆ ಬಂದ 'ಐತೆ'ಯನ್ನು ನುಂಗಿ 'ಇದೆ' ಅನ್ನುವುದು, ಮುದ್ದೆ ಬಿಟ್ಟು ಚಪಾತಿ ಕಟ್ಟಿಸಿಕೊಂಡು ಹೋಗುವುದು ಅಭ್ಯಾಸ ಆಯಿತು. ನಮ್ಮ ಹೊಲದ ಮಣ್ಣಿನ ಮೇಲೆ ಕೂತು ಆ ಒಣ ಚಪಾತಿ ಅಗಿಯುವಾಗ ಒಂದೊಂದು ದಿನ ಅಳು ಬರುವ ಹಾಗಾಗುತ್ತಿತ್ತು. ಬೆಳಿಗ್ಗೆ ಮೀಟಿಂಗು ಇಂಗ್ಲಿಷಿನಲ್ಲಿ, ಟೀ ಹೊತ್ತಿನ ತಮಾಷೆ ಹಿಂದಿಯಲ್ಲಿ. ಎಲ್ಲರೂ ಎಲ್ಲಿಂದಲೋ ಬಂದವರು, ಆದರೂ ಅಲ್ಲಿ ಹೊರಗಿನವಳು ನಾನೊಬ್ಬಳೇ ಅನಿಸುತ್ತಿತ್ತು.

ಕೆಲಸ ಮಾತ್ರ ನನಗೆ ಇಷ್ಟವಾಗಿತ್ತು. ನನ್ನ ಟೇಬಲ್ಲು ಅಂದರೆ ಒಂದು ದೊಡ್ಡ ಕರಿ ಗ್ರಾನೈಟ್ ಚಪ್ಪಡಿ, ಕನ್ನಡಿಯಷ್ಟು ಸಮ. ಏಳನೇ ಮೆಷಿನ್ನಿನಿಂದ ಬರುವ ಅಲ್ಯೂಮಿನಿಯಂ ಹೌಸಿಂಗನ್ನು, ಅಂದರೆ ಗೇರುಗಳು ಕೂರುವ ಹೊರಕವಚವನ್ನು, ಮುಖ ಕೆಳಗೆ ಮಾಡಿ ಅದರ ಮೇಲೆ ಇಡಬೇಕು. ಹೌಸಿಂಗಿನ ತೂತಿಗೆ ಬಿಗಿಯಾಗಿ ಕೂರುವ ಒಂದು ಉಕ್ಕಿನ ದುಂಡು ಸರಳು ಇಳಿಸಬೇಕು. ಸರಳಿನ ಬುಡದಲ್ಲೊಮ್ಮೆ, ತಲೆಯಲ್ಲೊಮ್ಮೆ ಡಯಲ್ ಮುಟ್ಟಿಸಿದರೆ ತೂತು ನೆಟ್ಟಗಿದೆಯೋ ಓಲಿದೆಯೋ ಗೊತ್ತಾಗುತ್ತದೆ. ಇಪ್ಪತ್ತೈದು ಮೈಕ್ರಾನಿನವರೆಗೆ ಪರವಾಗಿಲ್ಲ, ಮೇಲೆ ಹೋದರೆ ಫೇಲು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನು.

ಐದನೇ ತಿಂಗಳು, ಮುಂಗಾರು ಹಿಡಿದು ಎರಡು ವಾರ ಆಗಿತ್ತು. ಡಯಲ್ ಇಪ್ಪತ್ತೆಂಟು ತೋರಿಸಿತು. ಸರಳು ಒರೆಸಿ ಮತ್ತೆ ಇಳಿಸಿದೆ, ಇಪ್ಪತ್ತೆಂಟೇ. ಮಾರನೇ ದಿನ ಮೂವತ್ತೊಂದು. ಆ ವಾರದ ಕೊನೆಗೆ ಮೂವತ್ತಾರು. ಕೆಂಪು ಟ್ಯಾಗು ಕಟ್ಟಿದ ಹೌಸಿಂಗುಗಳು ನನ್ನ ಹಿಂದೆ ಗೋಡೆ ಕಟ್ಟಿದಂಗೆ ಬೆಳೆದವು.

ಲೈನ್ ಇನ್‌ಸ್ಪೆಕ್ಟರ್ ಕೆಂಡವಾದ. "ಮೆಷಿನ್ ಮೇಲೇ ಡಯಲ್ ಹಾಕಿ ನೋಡ್ತಿದೀನಿ, ಎಲ್ಲಾ ಹತ್ತರೊಳಗಿದೆ. ನಿಮ್ಮ ಟೇಬಲ್ಲಿಗೆ ಬಂದ ತಕ್ಷಣ ಓಲುತ್ತೆ ಅಂದ್ರೆ ಕೈ ಯಾರದ್ದು ಸರಿಯಿಲ್ಲ?" ಅಂತ ಎಲ್ಲರೆದುರು ಅಂದ. ಮೈಯೆಲ್ಲಾ ಉರಿದುಹೋಯಿತು. ಹೊಲದಲ್ಲಾಗಿದ್ದರೆ ಅವನ ಏಳು ತಲೆಮಾರನ್ನು ಕರೆದು ಮಾತಾಡಿಸುತ್ತಿದ್ದೆ. ಇಲ್ಲಿ, "ಇನ್ನೊಂದ್ಸಲ ನೋಡ್ತೀನಿ ಸರ್" ಅಂದೆ.

ಕ್ವಾಲಿಟಿ ಮ್ಯಾನೇಜರು ಬೆಳಗಾವಿ ಕಡೆಯವರು, ಫೌಂಡ್ರಿಗಳಲ್ಲಿ ಕೆಲಸ ಮಾಡಿ ಕೂದಲು ಹಣ್ಣಾದವರು. ಅವರು ಯಾರ ಪರವೂ ಮಾತಾಡಲಿಲ್ಲ. ಹತ್ತು ಹೌಸಿಂಗಿಗೆ ನಂಬರು ಬರೆದ ಚೀಟಿ ಅಂಟಿಸಿ, ಚೀಟಿ ಕಾಣದ ಹಾಗೆ ಮುಚ್ಚಿ, ಮೂವರ ಕೈಯಲ್ಲಿ ಮೂರು ಮೂರು ಸಲ ಗ್ರಾನೈಟಿನ ಮೇಲೆ ಅಳೆಸಿದರು. ನನ್ನ ಮೂವತ್ತು ಅಳತೆಗಳಿಗೆ ಬಂದಾಗ ಕಾಗದ ನೋಡುತ್ತಾ ಹುಬ್ಬು ಏರಿಸಿದರು. ಒಂದೇ ಭಾಗಕ್ಕೆ ಮೂರೂ ಸಲ ನನ್ನ ಕೈಯಲ್ಲಿ ಒಂದು ಮೈಕ್ರಾನು ಹೆಚ್ಚು ಕಮ್ಮಿ ಅಷ್ಟೇ. ಉಳಿದಿಬ್ಬರದು ನಾಲ್ಕೈದು ಆಡುತ್ತಿತ್ತು.

"ಕೈ ಚಲೋ ಐತಿ ತಂಗಿ" ಅಂದರು. "ತೂತು ಓಲಿದ್ದು ಖರೇ. ಮೆಷಿನ್ ತಾನ ತಿರುಚಿಕೊಂಡಿದ್ರ, ಅದರ ಮ್ಯಾಲ ನಿಂತು ಅಳದ್ರ ಹೆಂಗ ಗೊತ್ತಾಗ್ತದ?"

ಆಮೇಲೆ ಶುರುವಾಯಿತು ಹುಡುಕಾಟ. ಭಾಗವನ್ನು ಹಿಡಿಯುವ ಫಿಕ್ಸ್ಚರ್ ಬದಲಿಸಿದರು. ಇಲ್ಲ. ಕಟರ್ ಬದಲಿಸಿದರು. ಇಲ್ಲ. ಕಟರ್ ತಿರುಗಿಸುವ ಸ್ಪಿಂಡಲ್ಲು ಬಿಚ್ಚಿ ನೋಡಲು ಪುಣೆಯಿಂದ ಒಬ್ಬರು ಬಂದು, ಏನೂ ಆಗಿಲ್ಲ ಅಂತ ಬರೆದುಕೊಟ್ಟು ಹೋದರು. ಕೊನೆಗೆ ಮೆಂಟೆನೆನ್ಸ್ ಮೇಸ್ತ್ರಿ ಮೆಷಿನ್ನಿನ ಮೈ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟ. ಗುಳ್ಳೆ ಒಂದು ಕಡೆಗೆ ಓಡಿತು. ಆರು ಕಾಲುಗಳಲ್ಲಿ ಒಂದು ಕಾಲು ಇಳಿದಿತ್ತು. ಅದರ ಬೋಲ್ಟು ತಿರುಗಿಸಿ ಎತ್ತಿ ಸಮ ಮಾಡಿದ. ಮಾರನೇ ದಿನ ನನ್ನ ಡಯಲ್ಲು ಹನ್ನೆರಡು ತೋರಿಸಿದಾಗ ಎಲ್ಲರೂ ಟೀ ಜೊತೆ ಬಜ್ಜಿ ತಿಂದೆವು.

ಆ ಖುಷಿ ನಾಲ್ಕು ದಿನ ಬಾಳಲಿಲ್ಲ. ಮಳೆ ಹೊಯ್ದು ಬಿಟ್ಟ ಮೇಲೆ ಮತ್ತೆ ಇಪ್ಪತ್ತೊಂಬತ್ತು. ಮೇಸ್ತ್ರಿ ಮತ್ತೆ ಎತ್ತಿದ, ಮತ್ತೆ ಇಳಿಯಿತು. ಪ್ರತಿ ಸಲವೂ ಅದೇ ಕಾಲು. "ಈ ಈಶಾನ್ಯದ ಕಾಲು ನಿಲ್ಲಾಕಿಲ್ಲ ಅಂತೈತೆ ಕಣಮ್ಮ. ನಾನೇನು ಭುಜ ಕೊಟ್ಟು ನಿಂತ್ಕಳ್ಳಾ?" ಅಂತ ಮೇಸ್ತ್ರಿ ಸ್ಪ್ಯಾನರು ಬಿಸಾಡಿದ.

ಆ ವಾರದ ಮೀಟಿಂಗಿನಲ್ಲಿ ಪ್ಲಾಂಟ್ ಮ್ಯಾನೇಜರು ಖಡಾಖಂಡಿತ ಹೇಳಿದರು. ತಿಂಗಳ ಕೊನೆಯೊಳಗೆ ಏಳನೇ ಮೆಷಿನ್ ಸರಿಹೋಗದಿದ್ದರೆ ಈ ಭಾಗದ ಆರ್ಡರು ಬೇರೆಯವರಿಗೆ ಹೋಗುತ್ತದೆ, ಆ ಲೈನು ಮುಚ್ಚುತ್ತದೆ, ಆ ಲೈನಿಗೆ ತಗೊಂಡ ಪ್ರೊಬೇಷನ್ನಿನವರನ್ನು ಮುಂದುವರಿಸುವುದಿಲ್ಲ. ಹಾಗೆ ತಗೊಂಡವರಲ್ಲಿ ನಾನೂ ಒಬ್ಬಳು. ತೋಟವೂ ಹೋಗಿ, ತೋಟದ ಬದಲು ಬಂದ ಕೆಲಸವೂ ಹೋದರೆ ಮನೆಯಲ್ಲಿ ಏನು ಹೇಳಲಿ?

ಶನಿವಾರ ಮಧ್ಯಾಹ್ನ ಏಳನೇ ಮೆಷಿನ್ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಸೆಕೆಗೆ ಅಂತ ದೊಡ್ಡ ಶಟರ್ ಎತ್ತಿದ್ದರು. ಹೊರಗೆ ಕ್ಯಾಂಟೀನಿನ ಹತ್ತಿರ, ನೆರಳಿಗಿರಲಿ ಅಂತ ಕಂಪನಿಯವರು ಕಡಿಯದೆ ಬಿಟ್ಟ ಹುಣಸೇ ಮರ. ಅದರ ಹಿಂದೆ ದೂರದಲ್ಲಿ ಬೆಟ್ಟ, ಬೆಟ್ಟದ ಮೇಲೆ ಜೋಡಿ ಬಂಡೆ. ಮರ ಎಡಗಡೆ ಬಂಡೆಯನ್ನು ಪೂರ್ತಿ ಮುಚ್ಚಿ, ಬಲಗಡೆಯದನ್ನು ಮಾತ್ರ ತೋರಿಸುತ್ತಿತ್ತು.

ಸೋಪು ಕೈಯಿಂದ ಜಾರಿತು. ಆ ನೋಟ ಒಂದೇ ಒಂದು ಜಾಗದಿಂದ ಹಾಗೆ ಕಾಣುತ್ತದೆ ಅಂತ ನನಗೆ ಗೊತ್ತಿತ್ತು. ನಮ್ಮ ಬಾವಿಕಟ್ಟೆಯಿಂದ. ಚಿಕ್ಕವಳಿದ್ದಾಗ ಅಪ್ಪ ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದ ಕತೆ ಹೇಳುತ್ತಿದ್ದರೆ ನಾನು ಆ ಕಟ್ಟೆ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಮರದ ಹಿಂದೆ ಬಂಡೆ ಅಡಗಿಸುವ ಆಟ ಆಡುತ್ತಿದ್ದೆ. ತೋಟದ ಈಶಾನ್ಯ ಮೂಲೆಯಲ್ಲಿ ನಮ್ಮ ತಾತ ತೋಡಿಸಿದ್ದ ಬಾವಿ ಅದು.

ಬಾವಿ ಇದ್ದರೆ ಕಟ್ಟಡ ಕಟ್ಟುವಾಗ ಯಾರಿಗೂ ಕಾಣಲಿಲ್ಲವಾ ಅಂದರೆ, ಅದಕ್ಕೊಂದು ಕಾರಣ ಉಂಟು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಹುಳಕ್ಕೆ ಸುಣ್ಣಕಟ್ಟು ರೋಗ ಬಂತು. ಹುಳ ಬೆಳ್ಳಗೆ ಬಿರುಸಾಗಿ, ಸೀಮೆಸುಣ್ಣದ ತುಂಡಿನ ಹಾಗೆ ಸಾಯುತ್ತವೆ. ರೇಷ್ಮೆ ಸಾಕುವ ಊರಿನಲ್ಲಿ ಈ ಸುದ್ದಿ ಹೊರಗೆ ಬಂದರೆ ಮುಗೀತು. ಯಾರೂ ನಿಮ್ಮನ್ನು ಅವರ ಹುಳುಮನೆ ಬಾಗಿಲಿಗೆ ಸೇರಿಸುವುದಿಲ್ಲ, ಹುಳ ಸಾಕುವ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎರವಲು ಕೊಡುವುದಿಲ್ಲ. ಮೂರು ಬೆಳೆ ಹೀಗೇ ಹೋಯಿತು. ಬಾವಿ ಆಗಲೇ ಬತ್ತಿತ್ತು. ಅಪ್ಪ ರೋಗದ ಹುಳ, ಹಿಕ್ಕೆ, ತಿಂದುಳಿದ ಕಡ್ಡಿ ಎಲ್ಲಾ ಅದಕ್ಕೇ ಸುರಿದು ಸುಣ್ಣ ಚೆಲ್ಲಿದ. ಆಮೇಲೆ ವರ್ಷಗಟ್ಟಲೆ ಹಿಪ್ಪುನೇರಳೆ ಕಡ್ಡಿ ತುಂಬಿಸಿ, ಕಟ್ಟೆ ಕಿತ್ತು, ಮೇಲೆ ಮಣ್ಣು ಹೊಡೆದು, ಗಿಡ ನೆಟ್ಟುಬಿಟ್ಟ. ಕುಕ್ಕೆಗಟ್ಟಲೆ ಕಡ್ಡಿ ಹೊತ್ತು ಅದರೊಳಗೆ ಸುರಿದವಳು ನಾನೇ. ಈಗ ಮಳೆ ನೀರು ಇಳಿದಾಗಲೆಲ್ಲಾ ಅದು ಕೊಳೆತು ಕುಗ್ಗುತ್ತಿದೆ, ಏಳನೇ ಮೆಷಿನ್ನಿನ ಕಾಲು ಅದರ ಹಿಂದೆ ಹೋಗುತ್ತಿದೆ.

ಭಾನುವಾರ ಕೊಟ್ಟಿಗೆಯಲ್ಲಿ ಅಪ್ಪನ ಮುಂದೆ ಕೂತು ಎಲ್ಲಾ ಹೇಳಿದೆ. ಬಟ್ಟೆ ಅಂಗಡಿಯನ್ನೂ ಬಿಡಲಿಲ್ಲ. ಅಪ್ಪ ಹಾಲು ಕರೆಯುವುದನ್ನು ನಿಲ್ಲಿಸದೆ ಕೇಳಿದ.

"ಬಟ್ಟೆ ಅಂಗ್ಡಿ ಯಾಕಮ್ಮಿ? ನಿಮ್ಮಪ್ಪ ಮೈಮ್ಯಾಲೆ ನೆಟ್ಟಗೆ ಬಟ್ಟೆ ಹಾಕಂಡಿದ್ದು ನೋಡಿದ್ಯಾ ಯಾವತ್ತಾರ?" ಅಂದ. ನಾನು ನಗಬೇಕೋ ಅಳಬೇಕೋ ಗೊತ್ತಾಗದೆ ಎರಡೂ ಮಾಡಿದೆ.

ಬಾವಿಯ ಮಾತಿಗೆ ಬಂದಾಗ ಅವನ ಮುಖ ಬಿಗಿಯಿತು. "ಹೇಳ್ಬ್ಯಾಡ" ಅಂದ. "ಯಾಕೆ ಮುಚ್ಚಿಟ್ಟೆ ಅಂತ ನನ್ನ ಕೇಳ್ತಾರೆ. ರೋಗ ಬಂದಿತ್ತು ಅಂತ ಊರಿಗೆಲ್ಲಾ ಗೊತ್ತಾಯ್ತದೆ."

"ಹೇಳ್ದಿದ್ರೆ ಲೈನು ಮುಚ್ತಾರೆ ಅಪ್ಪಾ. ನನ್ನ ಕೆಲ್ಸ ಹೋಯ್ತದೆ."

"ಹೇಳುದ್ರೆ?"

"ಹೇಳಿದ್ರೂ ಹೋಗ್ಬೋದು. ಸುಳ್ಳು ಹೇಳ್ದೋಳು ಅಂತ."

ಅಪ್ಪ ಎದ್ದು ಹಾಲು ಒಳಗಿಟ್ಟು ಬಂದ. "ಎರಡ್ರಲ್ಲೂ ಹೋಗಂಗಿದ್ರೆ ಹೇಳೇ ಹೋಗ್ಲಿ. ಜಾಗ ತೋರ್ಸು ಅಂದ್ರೆ ನಾನೇ ಬತ್ತೀನಿ" ಅಂದ.

ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಮೊದಲೇ ಕ್ವಾಲಿಟಿ ಮ್ಯಾನೇಜರ ಟೇಬಲ್ ಮುಂದೆ ನಿಂತೆ. ಲೈನ್ ಇನ್‌ಸ್ಪೆಕ್ಟರೂ ಅಲ್ಲೇ ಇದ್ದ. ಅವನು ಹೋಗಲಿ ಅಂತ ಕಾದೆ, ಹೋಗಲಿಲ್ಲ. ಹಾಳಾಗಿಹೋಗಲಿ ಅಂತ ಬಾಯಿ ಬಿಟ್ಟೆ.

"ಸರ್, ಏಳನೇ ಮೆಷಿನ್ ಈಶಾನ್ಯದ ಕಾಲ ಕೆಳಗೆ ಹಳೇ ಬಾವಿ ಇದೆ. ಮೂವತ್ತಡಿ. ಹಿಪ್ಪುನೇರಳೆ ಕಡ್ಡಿ ತುಂಬಿ ಮುಚ್ಚಿರೋದು."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಸರ್. ಅದು ನಮ್ಮ ಹೊಲ. ನಾನು ಲ್ಯಾಂಡ್ ಕೋಟಾದಲ್ಲಿ ಬಂದೋಳು. ಬಟ್ಟೆ ಅಂಗಡಿ ಅಂತ ಹೇಳಿದ್ದೆಲ್ಲಾ ಸುಳ್ಳು. ಆ ಕಡ್ಡೀನ ಹೊತ್ತು ಹಾಕಿದ್ದೂ ನಾನೇ."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದ. ಮ್ಯಾನೇಜರು ನನ್ನನ್ನೇ ನೋಡಿ, "ಅಂಗಡಿ ಮಾತು ಆಮ್ಯಾಲ. ಬಾವಿ ಬಾಯಿ ಎಲ್ಲಿ ಬರ್ತದ, ಪಕ್ಕಾ ತೋರಸ್ತೀ ಏನು?" ಅಂದರು. ಮನೆ ಪಕ್ಕದ ಅಂಗಡಿಗೆ ಫೋನು ಮಾಡಿ ಅಪ್ಪನನ್ನು ಕರೆಸಿದೆ.

ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಗೇಟಿನ ಸೆಕ್ಯುರಿಟಿಯವನು ರಿಜಿಸ್ಟರ್ ತೆಗೆದು, "ಎಲ್ಲಿಂದ ಬಂದಿದೀರಾ?" ಅಂದ. "ಎಲ್ಲಿಂದ ಅಂತ ಹೇಳ್ಲಪ್ಪ? ಇಲ್ಲೋನೇಯ" ಅಂದ ಅಪ್ಪ. ಸೆಕ್ಯುರಿಟಿಯವನು ಸ್ವಲ್ಪ ಯೋಚನೆ ಮಾಡಿ 'ಇಲ್ಲಿ' ಅಂತಲೇ ಬರೆದುಕೊಂಡು, ತಲೆಗೊಂದು ಹಳದಿ ಹೆಲ್ಮೆಟ್ಟು, ಕಾಲಿಗೆ ಎರಡು ಸೈಜು ದೊಡ್ಡ ಬೂಟು ಕೊಟ್ಟ.

ಅಪ್ಪ ನೇರ ಹುಣಸೇ ಮರದ ಬುಡಕ್ಕೆ ಹೋಗಿ, ಬೆನ್ನು ಕೊಟ್ಟು ನಿಂತು, ತಿರುಗಿ ಬೆಟ್ಟದ ಬಂಡೆ ನೋಡಿಕೊಂಡು, ಹೆಜ್ಜೆ ಎಣಿಸುತ್ತಾ ಹೊರಟ. ಮರದಿಂದ ಬಾವಿಗೆ ಎಪ್ಪತ್ತು ಹೆಜ್ಜೆ ಅಂತ ತಾತನ ಕಾಲದಿಂದ ಲೆಕ್ಕ. ಶಟರ್ ದಾಟಿ ಒಳಗೆ ನಾಲ್ಕು ಹೆಜ್ಜೆ ಇಟ್ಟವನು ನಿಂತುಬಿಟ್ಟ.

"ಈ ಬೂಟ್ನಾಗೆ ನನ್ನ ಹೆಜ್ಜೆ ಬರಾಕಿಲ್ಲ ಸಾಮಿ. ಒಸಿ ಬಿಚ್ಲಾ?"

ನೆಲದ ತುಂಬಾ ಅಲ್ಯೂಮಿನಿಯಂ ಸಿಪ್ಪೆ, ಬ್ಲೇಡಿನಷ್ಟು ಹರಿತ. ಬೂಟಿಲ್ಲದೆ ಯಾರೂ ಓಡಾಡುವ ಹಾಗಿಲ್ಲ. ಮ್ಯಾನೇಜರು ಆಚೀಚೆ ನೋಡಿದರು. ಆಮೇಲೆ ಕಂಬಕ್ಕೆ ಒರಗಿಸಿದ್ದ ಪೊರಕೆ ಎತ್ತಿಕೊಂಡು ತಾವೇ ಅಪ್ಪನ ಮುಂದೆ ಗುಡಿಸುತ್ತಾ ನಡೆದರು. "ಬರ್ರಿ ಹಿರ್ಯಾರ, ನೀವು ಎಣಸ್ರಿ" ಅಂದರು. ಅಪ್ಪ ಮರಕ್ಕೆ ವಾಪಸ್ಸು ಹೋಗಿ, ಬರಿಗಾಲಲ್ಲಿ ಮೊದಲಿಂದ ಎಣಿಸಿಕೊಂಡು ಬಂದ. ಮುಂದೆ ಮುಂದೆ ಮ್ಯಾನೇಜರ ಪೊರಕೆ, ಹಿಂದೆ ಹೆಲ್ಮೆಟ್ಟು ಹಾಕಿಕೊಂಡ ನಮ್ಮಪ್ಪ. ಅಕ್ಕಪಕ್ಕದ ಮೆಷಿನ್ನಿನವರೆಲ್ಲಾ ಸ್ವಿಚ್ ಆರಿಸಿ ನೋಡುತ್ತಿದ್ದರು. ಐದು ತಿಂಗಳು ಯಾರ ಕಣ್ಣಿಗೂ ಬೀಳದಿರಲಿ ಅಂತ ನಾನು ಬಚ್ಚಿಟ್ಟ ಮನುಷ್ಯ, ನಡುಮನೆಯಲ್ಲಿ ಓಡಾಡುವಷ್ಟು ನಿರಾಳವಾಗಿ ನಡೆದುಬಂದ. ನನಗೆ ನಾಚಿಕೆ ಆಯಿತು, ಆದರೆ ಅಪ್ಪನ ಬಗ್ಗೆ ಅಲ್ಲ.

ಎಪ್ಪತ್ತಕ್ಕೆ ಅಪ್ಪ ನಿಂತ. ಏಳನೇ ಮೆಷಿನ್ನಿನ ಈಶಾನ್ಯದ ಕಾಲಿಗೆ ಒಂದು ಮೊಳ ದೂರ. "ಇಲ್ಲಿ ಮೆಟ್ಲು. ಅಗೋ ಅಲ್ಲಿ ಬಾಯಿ" ಅಂತ ಕಾಲಿನ ಕಡೆಗೇ ಕೈ ತೋರಿಸಿದ.

ಪ್ಲಾಂಟ್ ಮ್ಯಾನೇಜರೂ ಬಂದಿದ್ದರು. "ಜಮೀನು ಕೊಡುವಾಗ ಯಾಕೆ ಹೇಳಲಿಲ್ಲ?" ಅಂದರು.

"ನೀವು ಕೇಳ್ನಿಲ್ಲ ಸಾಮಿ. ಕೇಳಿದ್ರೂ ಹೇಳ್ತಿದ್ನೋ ಇಲ್ವೋ. ನಮ್ಮ ಹುಳುಕ್ಕೆ ರೋಗ ಬಂದಿತ್ತು. ಮಾನ ಹೋಯ್ತದೆ ಅಂತ ಮುಚ್ಚಾಕ್ಬುಟ್ಟೆ" ಅಂದ ಅಪ್ಪ. ಇಪ್ಪತ್ತು ಜನರ ಎದುರು, ತಲೆ ಎತ್ತಿಕೊಂಡೇ ಅಂದ. ಪ್ಲಾಂಟ್ ಮ್ಯಾನೇಜರು ಮೇಸ್ತ್ರಿ ಕಡೆ ತಿರುಗಿ, "ಇಲ್ಲೇ ಕೊರೆಸಿ" ಅಂದರು.

ಮಾರನೇ ದಿನ ಕಾಂಕ್ರೀಟ್ ಕೊರೆಯುವ ಯಂತ್ರ ತರಿಸಿದರು. ಎಂಟು ಇಂಚು ಕಾಂಕ್ರೀಟು ದಾಟಿದ ಮೇಲೆ ಕೊರೆತ ಒಮ್ಮೆಲೇ ಜಾರಿತು. ಕೆಳಗೆ ಒಂದು ಗೇಣು ಬರೀ ಟೊಳ್ಳು. ಅದರ ಕೆಳಗೆ ಕೆಂಪು ಮಣ್ಣು, ಆಮೇಲೆ ಕರ್ರಗೆ, ಒದ್ದೆಯಾಗಿ, ಚೂರುಚೂರು ಕಡ್ಡಿ. ಮೇಸ್ತ್ರಿ ಅದನ್ನು ಬೊಗಸೆಯಲ್ಲಿ ತಂದು ನನ್ನ ಗ್ರಾನೈಟ್ ಟೇಬಲ್ಲಿನ ಪಕ್ಕ ಹರಡಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹದಿನಾಲ್ಕು ವರ್ಷದ ಹುಡುಗಿಯಾಗಿ ಕುಕ್ಕೆ ಹೊತ್ತು ನಿಂತ ಹಾಗಾಯಿತು.

ಲೈನ್ ಇನ್‌ಸ್ಪೆಕ್ಟರ್ ಒಂದು ಚೂರು ಎತ್ತಿ ಬೆರಳಲ್ಲಿ ಉಜ್ಜಿದ. ಪುಡಿಯಾಯಿತು. "ಕೋಟಾ ಅಂತ ಮೊದಲೇ ಹೇಳ್ಬಾರದಿತ್ತಾ?" ಅಂದ.

"ಹೇಳೋಕೆ ನೀವು ಬಿಟ್ಟಿದ್ರಾ? ಮೊದಲನೇ ದಿನ ಬಾಯಿ ತೆಗೆದವರು ಯಾರು?" ಅಂದೆ. ಐದು ತಿಂಗಳು ನುಂಗಿದ್ದು ಅಷ್ಟರಲ್ಲೇ ಹೊರಗೆ ಬಂತು. ಅವನು ಕ್ಷಮೆ ಗಿಮೆ ಕೇಳಲಿಲ್ಲ. ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ತನ್ನ ತಟ್ಟೆ ತಂದು ನನ್ನ ಎದುರು ಕೂತು, ಸರಳು ಇಳಿಸುವಾಗ ಕೈ ಹೇಗೆ ಹಿಡಿಯುತ್ತೀರ ತೋರಿಸಿ ಅಂದ. ತೋರಿಸಿದೆ.

ಮೆಷಿನ್ನನ್ನು ಗಟ್ಟಿ ನೆಲಕ್ಕೆ ಸರಿಸಿದರು. ಬಾವಿ ಅಗೆದು ಕಡ್ಡಿಯೆಲ್ಲಾ ತೆಗೆಸಿ, ಬಂಡೆಕಲ್ಲು ಕಾಂಕ್ರೀಟು ತುಂಬಿಸಿದರು. ಹೊಸ ಜಾಗದಲ್ಲಿ ಏಳನೇ ಮೆಷಿನ್ ಮೊದಲು ಮಾಡಿದ ಹೌಸಿಂಗನ್ನು ನಾನೇ ಅಳೆದೆ. ಒಂಬತ್ತು. ಮಾರನೇ ದಿನ ಹತ್ತು. ಮೂರು ಸಲ ಮಳೆ ಹೊಯ್ದ ಮೇಲೂ ಹತ್ತೇ. ತಿಂಗಳ ಕೊನೆಗೆ ಆರ್ಡರು ಉಳಿಯಿತು, ಮರುವಾರ ನನ್ನ ಕೈಗೆ ಕಾಯಂ ಪತ್ರ ಬಂತು. ಕ್ವಾಲಿಟಿ ಮ್ಯಾನೇಜರು ಪತ್ರ ಕೊಡುತ್ತಾ, "ಅಂಗಡಿ ರಿಪೇರಿ ಮುಗೀತೇನು?" ಅಂತ ಮಾತ್ರ ಕೇಳಿದರು. ಇಬ್ಬರೂ ನಕ್ಕೆವು.

ನಮ್ಮ ಹುಳದ ರೋಗದ ಸುದ್ದಿ ಊರಿಗೂ ಮುಟ್ಟಿತು. ಎರಡು ದಿನ ಡೈರಿ ಮುಂದೆ ಗುಸುಗುಸು ಆಯಿತು. ಮೂರನೇ ದಿನ ಪಕ್ಕದ ಹೊಲದವರು ಬಂದು, ಅದೇ ವರ್ಷ ತಮ್ಮ ಹುಳವೂ ಹಾಗೇ ಸತ್ತಿತ್ತು, ತಾವೂ ಹಿತ್ತಲಲ್ಲಿ ಹೂತಿದ್ದೆವು ಅಂತ ಅಪ್ಪನಿಗೆ ಹೇಳಿಹೋದರಂತೆ.

ಪತ್ರ ಬಂದ ಮುಂದಿನ ಸೋಮವಾರ ನಾನು ರಾಮನಗರದ ಬಸ್ಸು ಹಿಡಿಯಲಿಲ್ಲ. ಎಂಟೂ ಹತ್ತಕ್ಕೆ, ಬುತ್ತಿಯಲ್ಲಿ ಮುದ್ದೆ ಬಸ್ಸಾರು ಇಟ್ಟುಕೊಂಡು, ಮನೆಯಿಂದ ನಡೆದೇ ಹೊರಟೆ. ಅರ್ಧ ದಾರಿಯಲ್ಲಿ ಕಂಪನಿ ಬಸ್ಸು ಹಿಂದಿನಿಂದ ಬಂದು ನಿಂತಿತು. "ಯಾಕಮ್ಮ, ಸ್ಟ್ಯಾಂಡ್ ಹತ್ರ ಕಾಣ್ಲೇ ಇಲ್ಲ? ಹತ್ತು, ಹತ್ತು" ಅಂದ ಡ್ರೈವರ್. ಕಿಟಕಿಗಳ ತುಂಬಾ ಮುಖಗಳು.

"ಇಲ್ಲ ಅಣ್ಣ. ಅಗೋ, ಆ ಹುಲ್ಲಿನ ಮೆದೆ ಪಕ್ಕ ಹೆಂಚಿನ ಮನೆ ಐತಲ್ಲ, ಅದೇ ನಮ್ಮನೆ. ನಡ್ಕಂಡೇ ಬತ್ತೀನಿ, ನೀವು ನಡೀರಿ" ಅಂದೆ.

ಡೈರಿ ಮುಂದೆ ಅಪ್ಪ ಕ್ಯಾನು ಕೆಳಗಿಟ್ಟು ಇತ್ತಲೇ ನೋಡುತ್ತಿದ್ದ. ಬಸ್ಸಿನವರೆಲ್ಲಾ ನೋಡುತ್ತಿದ್ದ ಹಾಗೇ ನಾನು ಕೈ ಎತ್ತಿ ಅವನಿಗೆ ಜೋರಾಗಿ ಬೀಸಿದೆ.